ನೀರೊಳಗೆ ಕೊಡ ಯಾಕೆ ಹಗುರ? ಕಳೆದ ಭಾರ ಎಲ್ಲಿಗೆ ಹೋಗುತ್ತೆ?

ಬೆಣ್ಣೆದೋಸೆ_ಹುಡುಗಿ (ದಾವಣಗೆರೆ)
ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಫಸ್ಟ್ ಪಿಯುಸಿ ಸೈನ್ಸ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಎಲ್ಲಾ ಇಂಗ್ಲಿಷ್. ಕ್ಲಾಸಿನಲ್ಲಿ "ಬಾಯನ್ಸಿ, ಬಾಯನ್ಸಿ" ಅಂತ ಹೇಳುತ್ತಿದ್ದರೆ ನಾನು ಎರಡು ದಿನ ಅದು ಯಾರೋ ವಿಜ್ಞಾನಿಯ ಹೆಸರು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಹೈಸ್ಕೂಲಿನಲ್ಲಿ ಓದಿದ ಪ್ಲವನತೆಯೇ ಅದು.

ನನ್ನ ಡೌಟ್ ಇದು. ಹೋದ ವಾರ ಚನ್ನಗಿರಿ ಕಡೆ ಅಜ್ಜಿ ಊರಿಗೆ ಹೋಗಿದ್ದೆ. ಅಲ್ಲಿ ಇನ್ನೂ ಸೇದೋ ಬಾವಿ ಇದೆ. ಬಕೆಟ್ ತುಂಬಿ ನೀರಿನೊಳಗೇ ಇರುವಾಗ ಹಗ್ಗವನ್ನು ಎರಡೇ ಬೆರಳಲ್ಲಿ ಎಳೆಯಬಹುದು. ಬಕೆಟಿನ ತಳ ನೀರು ಬಿಟ್ಟು ಮೇಲೆ ಬಂದಿತು ಅನ್ನೋಷ್ಟರಲ್ಲಿ ಹಗ್ಗ ಅಂಗೈಗೆ ಕಚ್ಚುತ್ತದೆ. ಗಡಗಡೆ ಕಿರ್ರ್ ಅನ್ನುತ್ತದೆ.

"ಮುಳುಗಿದ ವಸ್ತು ಕಳೆದುಕೊಳ್ಳುವ ಭಾರ, ಅದು ಪಕ್ಕಕ್ಕೆ ಸರಿಸಿದ ನೀರಿನ ಭಾರಕ್ಕೆ ಸಮ." ಇದು ಬಾಯಿಪಾಠ ಇದೆ. ಲೆಕ್ಕವೂ ಬರುತ್ತದೆ. ಆದರೆ ಕಳೆದುಕೊಂಡ ಭಾರ ಹೋಯಿತೆಲ್ಲಿಗೆ? ಭೂಮಿ ಎಳೆಯೋದು ಕಮ್ಮಿ ಆಗಿಲ್ಲ ತಾನೇ? ಕಾಲೇಜಿನಲ್ಲಿ ಕೇಳಿದೆ. "ಅದೆಲ್ಲ ಪರೀಕ್ಷೆಗೆ ಬರಲ್ಲ ಬಿಡಮ್ಮ" ಅಂದರು.

ಇನ್ನೆರಡು ವಾರಕ್ಕೆ ಟೆಸ್ಟ್. ಬಲ, ದ್ರವ, ತರಂಗ ಮೂರೂ ಅಧ್ಯಾಯ ಒಟ್ಟಿಗೆ. ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತಿದೆ.


ಸಿವಿಲ್_ಸೆಕೆಂಡ್_ಇಯರ್ (ಹಿರಿಯೂರು)
ರಾತ್ರಿ 9:32

ಸಿಂಪಲ್. ತೇಲಿಸುವ ಬಲ = ನೀರಿನ ಸಾಂದ್ರತೆ × ಮುಳುಗಿದ ಗಾತ್ರ × g. ಭಾರದಲ್ಲಿ ಅದನ್ನು ಕಳೆ. ಮುಗೀತು. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ, ಸಿಇಟಿಗೆ ಇಷ್ಟೇ ಸಾಕು.


ಇಬ್ಬರ_ಅಮ್ಮ (ದಾವಣಗೆರೆ)
ರಾತ್ರಿ 9:50

ಅವಳು ಸೂತ್ರ ಕೇಳಿಲ್ಲ ಕಣಪ್ಪ. ಭಾರ ಎಲ್ಲಿ ಹೋಯಿತು ಅಂತ ಕೇಳಿದ್ದಾಳೆ. ನಾನು ಮನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ನನಗೂ ಇದಕ್ಕೆ ಸರಿಯಾದ ಉತ್ತರ ಬೇಕು.


ದುರ್ಗದ_ಮೇಷ್ಟ್ರು (ಚಿತ್ರದುರ್ಗ)
ಸೋಮವಾರ, ಬೆಳಿಗ್ಗೆ 6:15

ಒಳ್ಳೆ ಪ್ರಶ್ನೆ ಮಗಳೇ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇದನ್ನು ಕೇಳಿದ ಮಕ್ಕಳು ಬೆರಳೆಣಿಕೆಯಷ್ಟು. ಎಲ್ಲರೂ "ಕಳೆದುಕೊಳ್ಳುವ" ಅನ್ನೋ ಮಾತನ್ನು ಹಾಗೇ ನುಂಗಿಬಿಡುತ್ತಾರೆ.

ಮೊದಲು ಬಕೆಟ್ ಲೆಕ್ಕ ನೋಡು. ಖಾಲಿ ಕಬ್ಬಿಣದ ಬಕೆಟ್ 1.5 ಕೆಜಿ ಅಂದುಕೋ. ಒಳಗೆ 15 ಲೀಟರ್ ನೀರು, ಅಂದರೆ 15 ಕೆಜಿ. ಹೊರಗೆ ಬಂದಾಗ ಹಗ್ಗ ಹೊರಬೇಕಾದ್ದು 16.5 ಕೆಜಿ. ಬಾವಿಯೊಳಗೆ? ಆ 15 ಲೀಟರ್ ನೀರನ್ನು ಸುತ್ತಲಿನ ನೀರೇ ಹೊತ್ತಿರುತ್ತದೆ. ಬಾವಿ ನೀರಿನೊಳಗೆ ಬಾವಿ ನೀರು ಸುಮ್ನೆ ನಿಂತಿರುತ್ತದೆ ಅಲ್ವಾ, ಬಕೆಟ್ ಇರಲಿ ಬಿಡಲಿ. ಉಳಿದದ್ದು ಕಬ್ಬಿಣ. ಅದು ನೀರಿಗಿಂತ 7.8 ಪಟ್ಟು ಸಾಂದ್ರ. ಅದರದ್ದೂ 0.2 ಕೆಜಿಯಷ್ಟನ್ನು ನೀರು ಹೊರುತ್ತದೆ. ಹಗ್ಗಕ್ಕೆ ಬರೋದು ಬರೀ 1.3 ಕೆಜಿ. ನಿನ್ನ ಎರಡು ಬೆರಳಿಗೆ ಸಾಕು. (ಪರೀಕ್ಷೆಯಲ್ಲಿ ಭಾರವನ್ನು ನ್ಯೂಟನ್‌ನಲ್ಲೇ ಬರಿ. ಕೆಜಿಯನ್ನು 9.8ರಿಂದ ಗುಣಿಸಿದರೆ ಆಯಿತು. ಇಲ್ಲಿ ನಾವು ಸಂತೆ ಭಾಷೆಯಲ್ಲೇ ಮಾತಾಡೋಣ.)

ಇನ್ನು ನಿನ್ನ ಪ್ರಶ್ನೆ. ಭಾರ ಎಲ್ಲೂ ಹೋಗಿಲ್ಲ. ಹಗ್ಗದ ಪಾಲಿಗೆ ಕಮ್ಮಿ ಬಂತು, ಅಷ್ಟೇ. ಯಾವ ಲೆಕ್ಕ ಬಂದರೂ ನೀನು ಒಂದು ಕೆಲಸ ಮಾಡು. ಒಂದೇ ಒಂದು ವಸ್ತು ಆರಿಸಿಕೋ. ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳಿ. ಆ ಗೆರೆಯನ್ನು ಯಾರ್ಯಾರು ಮುಟ್ಟಿದ್ದಾರೆ ಅಂತ ಕೇಳು. ಮುಟ್ಟಿದವರು ತಳ್ಳುತ್ತಾರೆ ಇಲ್ಲಾ ಎಳೆಯುತ್ತಾರೆ. ಮುಟ್ಟದೇ ಎಳೆಯೋದು ಸದ್ಯಕ್ಕೆ ಭೂಮಿ ಒಂದೇ.

ಈಗ ನನ್ನ ಪ್ರಶ್ನೆ, ಎಲ್ಲರಿಗೂ. ತಕ್ಕಡಿ ಮೇಲೆ ಅರ್ಧ ನೀರಿರುವ ಬಕೆಟ್ ಇಟ್ಟಿದ್ದೀರಿ. ದಾರ ಕಟ್ಟಿದ ಕಲ್ಲನ್ನು ಕೈಯಲ್ಲಿ ಹಿಡಿದು ನೀರಿಗೆ ಇಳಿಸುತ್ತೀರಿ. ಕಲ್ಲು ಪೂರ್ತಿ ಮುಳುಗಬೇಕು, ತಳ ಮುಟ್ಟಬಾರದು. ತಕ್ಕಡಿ ಏನು ತೋರಿಸುತ್ತದೆ?


ಸಿವಿಲ್_ಸೆಕೆಂಡ್_ಇಯರ್
ಬೆಳಿಗ್ಗೆ 8:05

ಮೊದಲಿದ್ದಷ್ಟೇ ತೋರಿಸುತ್ತೆ ಸರ್. ಕಲ್ಲು ನೇತಾಡುತ್ತಿರೋದು ಕೈಯಿಂದ. ಬಕೆಟನ್ನು ಮುಟ್ಟೇ ಇಲ್ಲ. ಬೇಕಾದರೆ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ಬೆಟ್.


ಮೋಟರ್_ಅಣ್ಣ (ಹರಿಹರ)
ಬೆಳಿಗ್ಗೆ 8:40

ನಾನು ಓದಿದ್ದು ಎಂಟನೇ ಕ್ಲಾಸ್. ಪಂಪ್‌ಸೆಟ್ ರಿಪೇರಿ ಕೆಲಸ. ಸೂತ್ರ ಗೊತ್ತಿಲ್ಲ, ಆದರೆ ಜಾಸ್ತಿ ತೋರಿಸುತ್ತೆ ಅಂತ ನನ್ನ ಲೆಕ್ಕ. ನೀರಿನ ಮಟ್ಟ ಮೇಲೆ ಬರುತ್ತಲ್ಲಾ ತಮ್ಮಾ, ಅದಕ್ಕೆ ಲೆಕ್ಕ ಬೇಡವಾ?

ಮೇಷ್ಟ್ರೇ, "ಯಾರು ತಳ್ಳುತ್ತಾರೆ" ಅಂದಿರಲ್ಲ, ನಮ್ಮ ಕಸುಬಿನಲ್ಲೂ ಅದೇ ಜಗಳ. ಮೇಲಿಟ್ಟ ಮೋಟರ್ ನೀರನ್ನು ಎಳೆಯುತ್ತೆ ಅಂತ ರೈತರೆಲ್ಲ ಅಂದುಕೊಂಡಿರುತ್ತಾರೆ. ಹೊಸ ಮೋಟರ್ ತಂದು ಬಾವಿ ದಡದ ಮೇಲೆ ಕೂರಿಸು ಅಂತಾರೆ. ನೀರು 40 ಅಡಿ ಕೆಳಗಿರುತ್ತೆ. ಬರಲ್ಲ. 5 ಎಚ್‌ಪಿ ತೆಗೆದು 10 ಎಚ್‌ಪಿ ಹಾಕಿದರೂ ಬರಲ್ಲ. ಯಾಕಂದರೆ ಮೋಟರ್ ಪೈಪಿನೊಳಗಿನ ಗಾಳಿ ತೆಗೆಯುತ್ತೆ, ಅಷ್ಟೇ. ಬಾವಿಯ ಮೇಲಿರೋ ಗಾಳಿ ನೀರನ್ನು ಒತ್ತಿ ಪೈಪಿಗೆ ಹತ್ತಿಸುತ್ತೆ. 25 ಅಡಿ ಮೇಲೆ ನಂಬೋಕಾಗಲ್ಲ. ಅದಕ್ಕೇ ಹಳೇ ಬಾವಿಗಳ ಒಳಗಡೆ ಒಂದು ಕಟ್ಟೆ ಮಾಡಿ ಅಲ್ಲಿ ಮೋಟರ್ ಇಡುತ್ತಿದ್ದರು. ಮಳೆ ಜಾಸ್ತಿ ಆದ ರಾತ್ರಿ ಅದನ್ನು ಹಗ್ಗ ಕಟ್ಟಿ ಮೇಲೆತ್ತೋದು ಬೇರೆ ಕಥೆ.


ದುರ್ಗದ_ಮೇಷ್ಟ್ರು
ಬೆಳಿಗ್ಗೆ 9:20

ಮೋಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಸಮುದ್ರಮಟ್ಟದ ಗಾಳಿ ಹೆಚ್ಚೆಂದರೆ 10.3 ಮೀಟರ್ ನೀರನ್ನು ಎತ್ತಿ ಹಿಡಿಯಬಲ್ಲದು. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಇನ್ನೂ ಮುಕ್ಕಾಲು ಮೀಟರಿನಷ್ಟು ಕಮ್ಮಿ. ಪೈಪಿನ ಘರ್ಷಣೆ, ಫುಟ್‌ವಾಲ್ವ್ ಎಲ್ಲಾ ಕಳೆದರೆ ಉಳಿಯೋದು ಅವರು ಹೇಳಿದ 25 ಅಡಿಯೇ. ಸಬ್‌ಮರ್ಸಿಬಲ್‌ಗೆ ಈ ತೊಂದರೆ ಇಲ್ಲ. ಅದು ಕೆಳಗೆ ಕೂತು ತಳ್ಳುತ್ತದೆ.

ಕಲ್ಲಿನ ಉತ್ತರ ನಾನು ಹೇಳಲ್ಲ. ಯಾರಾದರೂ ತೂಗಿ ನೋಡಿ.


ಬೆಣ್ಣೆದೋಸೆ_ಹುಡುಗಿ
ಮಂಗಳವಾರ, ಸಂಜೆ 6:30

ತೂಗಿದೆ!

ಹಿತ್ತಲಲ್ಲಿ ಹಳೇ ಒರಳುಕಲ್ಲು ಇದೆ. ಗ್ರೈಂಡರ್ ಬಂದ ಮೇಲೆ ಅದರ ಗುಂಡು ಬಾಗಿಲಿಗೆ ಅಡ್ಡ ಇಡೋಕೆ ಮಾತ್ರ. ಅದಕ್ಕೆ ಬಟ್ಟೆ ಒಣಗಿಸೋ ಪ್ಲಾಸ್ಟಿಕ್ ಹಗ್ಗ ಸುತ್ತಿದೆ. ಪಕ್ಕದ ಮನೆ ಅಂಕಲ್ ತರಕಾರಿ ವ್ಯಾಪಾರ ಮಾಡುತ್ತಾರೆ, ಅವರ ಕೊಕ್ಕೆ ತಕ್ಕಡಿ ತಂದೆ. ಕೆಳಗೆ ನಮ್ಮ ಮನೆಯ ಮೈತೂಕ ನೋಡೋ ಡಿಜಿಟಲ್ ತಕ್ಕಡಿ, ಅದರ ಮೇಲೆ ಬಕೆಟ್. ತಮ್ಮ ಸ್ಟೂಲ್ ಮೇಲೆ ನಿಂತು ಕೊಕ್ಕೆ ತಕ್ಕಡಿ ಹಿಡಿದ, ನಾನು ಓದಿ ಬರೆದೆ.

ಶುರುವಿನಲ್ಲಿ: ಗುಂಡು ಗಾಳಿಯಲ್ಲಿ 4.2 ಕೆಜಿ. ಬಕೆಟ್ ಮತ್ತು ನೀರು ಸೇರಿ 12.0.

ಮೊದಲ ಸಲ ಇಳಿಸಿದಾಗ ಮೇಲೆ 0.9, ಕೆಳಗೆ 15.3 ಬಂತು. ನನಗೆ ಗಾಬರಿ. ಆಮೇಲೆ ನೋಡಿದರೆ ತಮ್ಮನ ಕೈ ಸೋತು ಗುಂಡು ಬಕೆಟಿನ ತಳ ಮುಟ್ಟಿತ್ತು. ಬೈದು ಮತ್ತೆ ಎತ್ತಿಸಿದೆ.

ಸರಿಯಾಗಿ ನೇತು ಹಾಕಿದಾಗ ಮೇಲೆ 2.6. ಕೆಳಗೆ 13.6.

ಅಂದರೆ ಮೇಲೆ 1.6 ಕಮ್ಮಿ, ಕೆಳಗೆ 1.6 ಜಾಸ್ತಿ! ಅಣ್ಣಾ, ಮಂಡಕ್ಕಿ ರೆಡಿ ಮಾಡಿಕೊಳ್ಳಿ.


ಮೋಟರ್_ಅಣ್ಣ
ಸಂಜೆ 6:41

ಶಭಾಷ್ ತಂಗಿ. ಎಂಜಿನಿಯರ್ ಸಾಹೇಬರು ಎಲ್ಲಿ?


ದುರ್ಗದ_ಮೇಷ್ಟ್ರು
ಸಂಜೆ 7:10

ತುಂಬಾ ಚೆನ್ನಾಗಿ ಮಾಡಿದ್ದೀಯ. ತಪ್ಪಾದ ಮೊದಲ ಅಳತೆಯನ್ನೂ ಬರೆದೆಯಲ್ಲ, ಅದು ನನಗೆ ಇನ್ನೂ ಖುಷಿ. ಈಗ ಒಂದು ತಮಾಷೆ ನೋಡು. ಎರಡೂ ತಕ್ಕಡಿಯ ಅಂಕಿ ಕೂಡಿಸು.

ಶುರುವಿನಲ್ಲಿ 4.2 ಮತ್ತು 12.0, ಒಟ್ಟು 16.2.
ಸರಿಯಾಗಿ ನೇತಾಡುವಾಗ 2.6 ಮತ್ತು 13.6, ಒಟ್ಟು 16.2.
ನೀನು ತಪ್ಪು ಅಂದ ಅಳತೆಯಲ್ಲಿ 0.9 ಮತ್ತು 15.3. ಅದೂ 16.2.

ಕಲ್ಲು ಅರ್ಧ ಮುಳುಗಿದರೂ ಇಷ್ಟೇ ಬರುತ್ತದೆ. ಭೂಮಿ ಎಳೆಯೋದು 16.2 ಕೆಜಿಯನ್ನೇ. ಅದನ್ನು ಮೇಲಿನ ತಕ್ಕಡಿ ಎಷ್ಟು ಹೊರಬೇಕು, ಕೆಳಗಿನದು ಎಷ್ಟು ಹೊರಬೇಕು ಅನ್ನೋದಷ್ಟೇ ಬದಲಾಗಿದೆ.

ಹೇಗೆ ದಾಟಿತು ಅಂತ ಕೇಳು. ಗುಂಡಿನ ಸುತ್ತ ಗೆರೆ ಎಳಿ. ಮುಟ್ಟಿದವರು ಇಬ್ಬರು, ಹಗ್ಗ ಮತ್ತು ನೀರು. ನೀರು ಎಲ್ಲ ಕಡೆಯಿಂದಲೂ ಒತ್ತುತ್ತದೆ. ಆದರೆ ಗುಂಡಿನ ತಳ ಹೆಚ್ಚು ಆಳದಲ್ಲಿದೆ, ಅಲ್ಲಿ ಒತ್ತಡ ಜಾಸ್ತಿ. ತಲೆಯ ಕಡೆ ಕಮ್ಮಿ. ವ್ಯತ್ಯಾಸ ಮೇಲ್ಮುಖವಾಗಿ 1.6 ಕೆಜಿ. ನೀರು ಗುಂಡನ್ನು 1.6 ಕೆಜಿ ಮೇಲಕ್ಕೆ ತಳ್ಳಿದರೆ, ಗುಂಡು ನೀರನ್ನು ಅಷ್ಟೇ ಕೆಳಕ್ಕೆ ತಳ್ಳುತ್ತದೆ. ನ್ಯೂಟನ್‌ನ ಮೂರನೇ ನಿಯಮ. ನೀರು ಅದನ್ನು ಬಕೆಟಿನ ತಳಕ್ಕೆ ದಾಟಿಸುತ್ತದೆ. ಬಕೆಟ್ ತಕ್ಕಡಿಗೆ. ಹಾಗಾಗಿ "ಕಲ್ಲು ಬಕೆಟನ್ನು ಮುಟ್ಟೇ ಇಲ್ಲ" ಅನ್ನೋ ಮಾತು ಸರಿ. ಆದರೆ ನೀರನ್ನು ಮುಟ್ಟಿದೆ, ನೀರು ಬಕೆಟನ್ನು ಮುಟ್ಟಿದೆ.

ಇನ್ನೊಂದು ಸಿಕ್ಕಿತು ನಿನಗೆ, ಗಮನಿಸಿದೆಯಾ? 4.2 ಭಾಗಿಸು 1.6, ಸುಮಾರು 2.6. ನಿಮ್ಮನೆ ಗುಂಡು ನೀರಿಗಿಂತ 2.6 ಪಟ್ಟು ಸಾಂದ್ರ. ಕಣಶಿಲೆ (ಗ್ರಾನೈಟ್) ಇರೋದೂ 2.6ರಿಂದ 2.7. ನಮ್ಮ ದುರ್ಗದ ಕೋಟೆ ಬಂಡೆಯನ್ನು ಹಗ್ಗ ಕಟ್ಟಿ ತೂಗಲು ಆಗಿದ್ದರೆ ಹೆಚ್ಚುಕಮ್ಮಿ ಅದೇ ಅಂಕಿ ಬರುತ್ತಿತ್ತು.


ಸಿವಿಲ್_ಸೆಕೆಂಡ್_ಇಯರ್
ರಾತ್ರಿ 8:00

ಸೋತೆ, ಒಪ್ಪಿದೆ. ಆದರೆ ನನ್ನ ಮಾನ ಉಳಿಸಿಕೊಳ್ಳೋಕೆ ಒಂದು ಮಾತು. ಬಕೆಟ್ ಅಂಚಿನವರೆಗೆ ತುಂಬಿದ್ದು, ಗುಂಡು ಇಳಿಸಿದಾಗ 1.6 ಲೀಟರ್ ನೀರು ತುಳುಕಿ ತಕ್ಕಡಿಯಿಂದ ಆಚೆ ಬಿದ್ದಿದ್ದರೆ ಕೆಳಗಿನ ಅಂಕಿ ಬದಲಾಗುತ್ತಿರಲಿಲ್ಲ. 1.6 ಬಂತು, 1.6 ಹೋಯಿತು. ನಾನು ಅಂಥ ಬಕೆಟ್ ಅಂದುಕೊಂಡಿದ್ದೆ.


ಇಬ್ಬರ_ಅಮ್ಮ
ರಾತ್ರಿ 8:04

ಮೇಷ್ಟ್ರು "ಅರ್ಧ ನೀರು" ಅಂತ ಬರೆದಿದ್ದಾರೆ, ಮೇಲೆ ಹೋಗಿ ಓದು.


ಬೆಣ್ಣೆದೋಸೆ_ಹುಡುಗಿ
ರಾತ್ರಿ 8:30

ಸರ್, ಒಂದು ಡೌಟ್ ಬಿಟ್ಟರೆ ಇನ್ನೊಂದು. ಒತ್ತಡ ಆಳದ ಮೇಲೆ ಮಾತ್ರ ಅಂತೀರ. ಹಾಗಾದರೆ ಮಾರಿಕಣಿವೆ ಡ್ಯಾಮ್ ಇದೆಯಲ್ಲ, ಅದರ ಹಿಂದೆ ಮೈಲಿಗಟ್ಟಲೆ ನೀರು. ಅಷ್ಟೇ ಆಳದ ಒಂದು ಬಾವಿ ತೋಡಿ ನೀರು ತುಂಬಿದರೆ ಅದರ ಗೋಡೆಗೂ ಅಷ್ಟೇ ಒತ್ತಡವಾ? ನಂಬೋಕೇ ಆಗಲ್ಲ.


ಸಿವಿಲ್_ಸೆಕೆಂಡ್_ಇಯರ್
ರಾತ್ರಿ 9:15

ಇದು ನನ್ನ ಊರಿನ ಡ್ಯಾಮ್, ನಾನೇ ಹೇಳುತ್ತೇನೆ. ಹೌದು, ಅಷ್ಟೇ.

ಮಾರಿಕಣಿವೆ ಡ್ಯಾಮ್, ಅಂದರೆ ವಾಣಿವಿಲಾಸ ಸಾಗರ, ಕಟ್ಟಿ ಮುಗಿದದ್ದು 1907ರಲ್ಲಿ. ವೇದಾವತಿಗೆ ಅಡ್ಡ. 30 ಟಿಎಂಸಿ ಹಿಡಿಯುತ್ತೆ. ತುಂಬೋ ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ತುಂಬಿದ್ದು ಬಿಟ್ಟರೆ ಮತ್ತೆ ತುಂಬಿದ್ದು 2022ರಲ್ಲೇ. ಕೋಡಿ ಬಿದ್ದ ದಿನ ಇಡೀ ಹಿರಿಯೂರೇ ಅಲ್ಲಿತ್ತು. ನಮ್ಮ ತಾತ ಹುಟ್ಟಿದಾಗಿನಿಂದ ಕೋಡಿ ನೋಡಿರಲಿಲ್ಲ. ಆ ನೀರಿನ ಮುಂದೆ ಸುಮ್ನೆ ನಿಂತುಬಿಟ್ಟರು.

ಈಗ ಲೆಕ್ಕ. 130 ಅಡಿ ಅಂದರೆ 39.6 ಮೀಟರ್. ಅಷ್ಟು ಆಳದಲ್ಲಿ ಒಂದು ಚದರ ಮೀಟರ್ ಗೋಡೆಗೆ ಸುಮಾರು 40 ಟನ್ ಒತ್ತುತ್ತೆ. ಮೇಲ್ಭಾಗದಲ್ಲಿ ಸೊನ್ನೆ. ಸರಾಸರಿ 20 ಟನ್. ಅಷ್ಟು ಆಳ ಇರೋ ಜಾಗದಲ್ಲಿ ಗೋಡೆಯ ಒಂದು ಮೀಟರ್ ಉದ್ದಕ್ಕೆ ಒಟ್ಟು 780 ಟನ್ ಹತ್ತಿರ ಬರುತ್ತೆ. ನೀರು ಅರ್ಧಕ್ಕೆ, 65 ಅಡಿಗೆ ಇಳಿದರೆ? ಅರ್ಧ ಆಗಲ್ಲ. 195 ಟನ್, ಕಾಲು ಭಾಗ. ಎತ್ತರವೂ ಅರ್ಧ, ಸರಾಸರಿ ಒತ್ತಡವೂ ಅರ್ಧ. ಅದಕ್ಕೇ ಡ್ಯಾಮಿನ ಗೋಡೆ ತಳದಲ್ಲಿ ಅಷ್ಟು ದಪ್ಪ, ತಲೆಯಲ್ಲಿ ಸಣ್ಣ.

ಹಿಂದಿನ ನೀರು ಯಾಕೆ ಲೆಕ್ಕಕ್ಕಿಲ್ಲ ಅಂದರೆ, ಮೇಷ್ಟ್ರ ಗೆರೆ ಹಾಕು. ಗೋಡೆಯನ್ನು ಮುಟ್ಟಿರೋದು ಅದರ ಪಕ್ಕದ ನೀರು ಮಾತ್ರ. ಅದು ಎಷ್ಟು ಒತ್ತಬೇಕು ಅಂತ ತೀರ್ಮಾನ ಮಾಡೋದು ಅದರ ತಲೆ ಮೇಲೆ ಎಷ್ಟು ನೀರು ನಿಂತಿದೆ ಅನ್ನೋದು. ಹತ್ತು ಮೈಲಿ ಆಚೆಗಿನ ನೀರನ್ನು ಅಲ್ಲಿನ ನೆಲ ಹೊತ್ತಿದೆ. ದಡ ತಡೆದಿದೆ.


ದುರ್ಗದ_ಮೇಷ್ಟ್ರು
ರಾತ್ರಿ 9:40

ಇದಕ್ಕೆ ನಿನಗೆ ಪೂರ್ತಿ ಅಂಕ. ನಂಬೋಕೆ ಆಗಲ್ಲ ಅನ್ನೋದೂ ಸಹಜ. ಪಾತ್ರೆಯ ಆಕಾರ ಏನೇ ಇರಲಿ, ತಳದ ಒತ್ತಡಕ್ಕೆ ಆಳವೇ ಲೆಕ್ಕ ಅಂತ ಸೈಮನ್ ಸ್ಟೆವಿನ್ 1586ರಲ್ಲೇ ಬರೆದರು. ಇವತ್ತಿಗೂ ಕ್ಲಾಸಿನಲ್ಲಿ ಅರ್ಧ ಜನ ತಲೆ ಅಲ್ಲಾಡಿಸುತ್ತಾರೆ.


ಬೆಣ್ಣೆದೋಸೆ_ಹುಡುಗಿ
ಗುರುವಾರ, ಸಂಜೆ 5:45

ಬಲ, ದ್ರವ ಎರಡೂ ಒಂದೇ ಅಂತ ಈಗ ಅನ್ನಿಸುತ್ತಿದೆ. ತರಂಗ ಮಾತ್ರ ಹೊರಗೆ ನಿಂತಿದೆ. ವೇಗ = ಆವೃತ್ತಿ × ತರಂಗದೂರ. ಹಾಗಾದರೆ ಬೇಗ ಬೇಗ ಅಲ್ಲಾಡಿಸಿದರೆ ತರಂಗ ಬೇಗ ಹೋಗಬೇಕು ಅಲ್ವಾ? ಹಾಗೆ ಬರೆದೆ, ಎರಡು ಮಾರ್ಕ್ಸ್ ಹೋಯಿತು.

ಇನ್ನೊಂದು. ಬಾವಿ ಹಗ್ಗಕ್ಕೆ ಮೇಲಿಂದ ಕೈಯಲ್ಲಿ ಒಂದು ಏಟು ಕೊಟ್ಟರೆ ಒಂದು ಉಬ್ಬು ಕೆಳಗೆ ಹೋಗಿ ವಾಪಸ್ ಬಂದು ಅಂಗೈಗೆ ತಟ್ಟುತ್ತೆ. ಬಕೆಟ್ ನೀರಿನೊಳಗಿದ್ದಾಗ ಅದು ಹೋಗೋದು ಕಣ್ಣಿಗೆ ಕಾಣುತ್ತೆ. ಬಕೆಟ್ ಮೇಲೆ ಬಂದ ಮೇಲೆ ಕಾಣೋದೇ ಇಲ್ಲ, ಟಪ್ ಅಂತ ವಾಪಸ್. ಚಿಕ್ಕಂದಿನಿಂದ ಆಡಿದ ಆಟ ಇದು.


ಇಬ್ಬರ_ಅಮ್ಮ
ಸಂಜೆ 6:20

ಮೊದಲನೇದಕ್ಕೆ ನಾನು ಹೇಳಲಾ? ದುಗ್ಗಮ್ಮನ ಜಾತ್ರೆಯಲ್ಲಿ ದೂರ ನಿಂತು ಡೊಳ್ಳು, ತಾಳ ಕೇಳಿದ್ದೀಯಲ್ಲ. ಡೊಳ್ಳಿನ ಸದ್ದು ದಪ್ಪ, ಆವೃತ್ತಿ ಕಮ್ಮಿ. ತಾಳದ್ದು ತೆಳು, ಆವೃತ್ತಿ ಜಾಸ್ತಿ. ಆವೃತ್ತಿ ಹೆಚ್ಚಿದ್ದು ಬೇಗ ಬರೋದಾಗಿದ್ದರೆ, ಒಂದು ಬೀದಿ ಆಚೆ ನಿಂತವರಿಗೆ ತಾಳ ಮೊದಲು, ಡೊಳ್ಳು ಆಮೇಲೆ ಕೇಳಿ ಇಡೀ ಮೇಳ ಕೆಟ್ಟುಹೋಗುತ್ತಿತ್ತು. ಹಾಗಾಗಲ್ಲ. ಎರಡೂ ಸೆಕೆಂಡಿಗೆ ಸುಮಾರು 340 ಮೀಟರ್. 170 ಮೀಟರ್ ದೂರದಲ್ಲಿ ನಿಂತರೆ ಕೋಲು ಬಿದ್ದ ಅರ್ಧ ಸೆಕೆಂಡಿಗೆ ಸದ್ದು ಬರುತ್ತೆ, ಎರಡರದ್ದೂ.

ವೇಗ ಗಾಳಿ ತೀರ್ಮಾನ ಮಾಡುತ್ತೆ. ಆವೃತ್ತಿ ಬಾರಿಸೋನು ತೀರ್ಮಾನ ಮಾಡುತ್ತಾನೆ. ತರಂಗದೂರ ಪಾಪ, ಇಬ್ಬರಿಗೂ ಹೊಂದಿಕೊಂಡು ಹೋಗುತ್ತೆ. ಬೇಗ ಅಲ್ಲಾಡಿಸಿದರೆ ಅದು ಕುಗ್ಗುತ್ತೆ.


ದುರ್ಗದ_ಮೇಷ್ಟ್ರು
ಸಂಜೆ 7:00

ಈ ತಾಳದ ಉದಾಹರಣೆ ನಾನು ಕ್ಲಾಸಿನಲ್ಲಿದ್ದಾಗ ಹೊಳೆಯಲಿಲ್ಲವಲ್ಲ ಅಂತ ಹೊಟ್ಟೆಕಿಚ್ಚಾಗುತ್ತಿದೆ.

ಹಗ್ಗದ ವಿಷಯ. ಹಗ್ಗದಲ್ಲಿ ಉಬ್ಬು ಓಡೋ ವೇಗಕ್ಕೆ ಎರಡೇ ಕಾರಣ. ಹಗ್ಗ ಎಷ್ಟು ಬಿಗಿಯಾಗಿದೆ, ಮೀಟರಿಗೆ ಎಷ್ಟು ತೂಕ ಇದೆ. ಬಿಗಿಯನ್ನು ತೂಕದಿಂದ ಭಾಗಿಸಿ ವರ್ಗಮೂಲ ತೆಗಿ. ನಿನ್ನ ಹಗ್ಗ ಮೀಟರಿಗೆ 100 ಗ್ರಾಂ ಅಂದುಕೊಳ್ಳೋಣ. ಹಗ್ಗದ ಸ್ವಂತ ಭಾರ ಸದ್ಯಕ್ಕೆ ಬಿಡು.

ಬಕೆಟ್ ನೀರಿನೊಳಗಿದ್ದಾಗ ಬಿಗಿ 1.3 ಕೆಜಿ, ಅಂದರೆ 12.7 ನ್ಯೂಟನ್. ಉಬ್ಬು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಬಕೆಟ್ ಮೇಲೆ ಬಂದಾಗ 16.5 ಕೆಜಿ, 162 ನ್ಯೂಟನ್. ಸೆಕೆಂಡಿಗೆ 40 ಮೀಟರ್. ಬಿಗಿ ಹನ್ನೆರಡೂವರೆ ಪಟ್ಟು ಹೆಚ್ಚಿತು, ವೇಗ ಮೂರೂವರೆ ಪಟ್ಟು. ಕಣ್ಣಿಗೆ ಕಾಣದೇ ಇರೋದು ಅದಕ್ಕೇ.

ಆ 1.3 ಎಲ್ಲಿಂದ ಬಂತು ಹೇಳು? ನೀರು ಬಕೆಟನ್ನು ಹೊತ್ತಿದ್ದರಿಂದ. ಅಂದರೆ ಹಗ್ಗಕ್ಕೆ ಏಟು ಕೊಟ್ಟು, ಉಬ್ಬು ವಾಪಸ್ ಬರೋ ಹೊತ್ತು ಎಣಿಸಿ, ಬಕೆಟ್ ನೀರಿನೊಳಗಿದೆಯಾ ಹೊರಗಿದೆಯಾ ಅಂತ ಕತ್ತಲೆಯಲ್ಲೂ ಹೇಳಬಹುದು.


ಬೆಣ್ಣೆದೋಸೆ_ಹುಡುಗಿ
ಸಂಜೆ 7:25

ಅಯ್ಯೋ. ಮೂರು ಅಧ್ಯಾಯವೂ ಅಜ್ಜಿಯ ಒಂದೇ ಬಕೆಟಿನಲ್ಲಿ ಇತ್ತಾ! ಸರ್, ಮೀಟರಿಗೆ ಎಷ್ಟು ಅಂತ ಗೊತ್ತಾಗೋಕೆ ಹಗ್ಗವನ್ನೂ ತೂಗಬೇಕು. ಮುಂದಿನ ಸಲ ಹೋದಾಗ ಆ ಕೊಕ್ಕೆ ತಕ್ಕಡಿ ತಗೊಂಡು ಹೋಗುತ್ತೇನೆ.


ಮೋಟರ್_ಅಣ್ಣ
ರಾತ್ರಿ 8:10

ಬೋರ್‌ವೆಲ್ ಕೇಸಿಂಗ್‌ಗೆ ತಟ್ಟಿ ಸದ್ದು ಕೇಳಿ ನೀರು ಎಷ್ಟು ಕೆಳಗಿದೆ ಅಂತ ಹೇಳೋ ಹಳಬರಿದ್ದರು ನಮ್ಮಲ್ಲಿ. ಕಲ್ಲು ಹಾಕಿ ಎಣಿಸೋರೂ ಇದ್ದರು. ಅದೂ ಇದೇ ಜಾತಿ ಲೆಕ್ಕವಾ ಮೇಷ್ಟ್ರೇ?


ದುರ್ಗದ_ಮೇಷ್ಟ್ರು
ರಾತ್ರಿ 8:30

ಕಲ್ಲು ಹಾಕೋದು ಹೌದು. 20 ಮೀಟರ್ ಕೆಳಗೆ ನೀರಿದ್ದರೆ ಕಲ್ಲು ಬೀಳೋಕೆ 2.02 ಸೆಕೆಂಡ್, ಸದ್ದು ಮೇಲೆ ಬರೋಕೆ ಬರೀ 0.06. ಎಣಿಸೋರು ಸದ್ದಿನ ಸಮಯವನ್ನು ಬಿಟ್ಟರೂ ಮೋಸವಿಲ್ಲ.


ಸಿವಿಲ್_ಸೆಕೆಂಡ್_ಇಯರ್
ರಾತ್ರಿ 8:45

ಶನಿವಾರ ದಾವಣಗೆರೆಗೆ ಬರ್ತಿದ್ದೇನೆ. ಬೆಟ್ ತೀರಿಸೋಕೆ. ಮಂಡಕ್ಕಿ ಜಯದೇವ ಸರ್ಕಲ್ ಹತ್ತಿರ ಕೊಡಿಸುತ್ತೇನೆ, ಎಲ್ಲರೂ ಬನ್ನಿ. ತಂಗಿ, ನಿಮ್ಮ ತಮ್ಮನನ್ನೂ ಕರ್ಕೊಂಡು ಬಾ, ಸ್ಟೂಲ್ ಮೇಲೆ ನಿಂತು ಪಾಪ ಕೈ ನೋಯಿಸಿಕೊಂಡಿದ್ದಾನೆ.


ದುರ್ಗದ_ಮೇಷ್ಟ್ರು
ರಾತ್ರಿ 9:00

ಹೋಗೋ ಮುಂಚೆ ಒಂದು ಕೊನೇ ಪ್ರಶ್ನೆ ಮಗಳೇ. ತಕ್ಕಡಿ ಮೇಲೆ ನೀರಿನ ಲೋಟ ಇದೆ. ಒಂದು ಹಿಡಿ ಮಂಡಕ್ಕಿ ಹಾಕುತ್ತೀಯ, ತೇಲುತ್ತದೆ. ತಕ್ಕಡಿ ಎಷ್ಟು ಹೆಚ್ಚು ತೋರಿಸುತ್ತದೆ?


ಬೆಣ್ಣೆದೋಸೆ_ಹುಡುಗಿ
ರಾತ್ರಿ 9:02

ಮಂಡಕ್ಕಿಯ ಪೂರ್ತಿ ಭಾರ. ಹಂಚಿಕೊಳ್ಳೋಕೆ ಹಗ್ಗ ಇಲ್ವಲ್ಲ ಸರ್.


ಮೋಟರ್_ಅಣ್ಣ
ರಾತ್ರಿ 9:03

ಮೆತ್ತಗಾಗೋ ಮುಂಚೆ ತಿನ್ರಪ್ಪಾ.